ಸುಟ್ಟ ಕಡತಕ್ಕೂ ಒಂದು ರಸೀದಿ

ಪ್ರಶ್ನೆ: ವಸಾಹತು ಕಾಲದ ದಾಖಲೆಗಳನ್ನೆಲ್ಲ ಬರೆದವರು ಆಳಿದವರೇ. ಅವನ್ನೇ ಓದಿ ಇತಿಹಾಸ ಬರೆದರೆ ಅದು ಅವರ ಕಡೆಯ ಕಥೆಯೇ ಆಗುತ್ತದೆ, ಅಲ್ವಾ? ತಮಗೆ ಬೇಡವಾದದ್ದನ್ನು ಅವರು ಸುಟ್ಟುಹಾಕಿದ್ದರೆ ನಿಜ ಗೊತ್ತಾಗುವುದಾದರೂ ಹೇಗೆ?

ಉತ್ತರ: ನಿಮ್ಮ ಅನುಮಾನ ಸರಿಯಾದದ್ದೇ. ಸರ್ಕಾರಿ ಕಡತವನ್ನು ಇತಿಹಾಸಕಾರರಾದ ನಾವು ಸಾಕ್ಷಿ ಅಂತ ಓದುವುದಿಲ್ಲ, ವ್ಯಾಜ್ಯದಲ್ಲಿ ಒಬ್ಬ ಕಕ್ಷಿದಾರ ಕೊಟ್ಟ ಹೇಳಿಕೆ ಅಂತ ಓದುತ್ತೇವೆ. ಬರೆದವನು ಯಾರು? ಯಾರ ಕಣ್ಣಿಗೆ ಬೀಳಲಿ ಅಂತ ಬರೆದ? ಮೇಲಧಿಕಾರಿಯಿಂದ ಶಹಬ್ಬಾಸ್ ಬೇಕಿತ್ತೋ, ಬೈಗುಳ ತಪ್ಪಿಸಿಕೊಳ್ಳಬೇಕಿತ್ತೋ?

ಕಡತ ಕೈಗೆ ಬಂದರೆ ಹೊಸಬರು ಸೀದಾ ಕೊನೆಯ ಆದೇಶದ ಪುಟ ತಿರುವುತ್ತಾರೆ. ನಾನು ಮೊದಲು ಅಂಚು ನೋಡುತ್ತೇನೆ. ಅಲ್ಲಿ ಷರಾ ಇರುತ್ತದೆ, ಕರಡಿನಲ್ಲಿ ಹೊಡೆದುಹಾಕಿದ ಪದಗಳಿರುತ್ತವೆ. ಕರಡಿನಲ್ಲಿ ‘ಹಸಿದ ರೈತರು’ ಅಂತಿದ್ದದ್ದು ಮೇಲಕ್ಕೆ ಕಳಿಸಿದ ಪ್ರತಿಯಲ್ಲಿ ‘ದಂಗೆಕೋರರು’ ಆಗಿದ್ದರೆ, ಉಳಿದ ಹತ್ತು ಪುಟಗಳನ್ನು ಹೇಗೆ ಓದಬೇಕು ಅಂತ ಅದೊಂದು ತಿದ್ದುಪಡಿಯೇ ಹೇಳಿಬಿಡುತ್ತದೆ. ಕೋರ್ಟಿನ ಹೇಳಿಕೆಗಳೂ ಹಾಗೆಯೇ. ರೈತ ತನ್ನ ಮಾತಿನಲ್ಲಿ ಹೇಳಿದ್ದನ್ನು ದುಭಾಷಿ ತಿರುಗಿಸಿ ಹೇಳಿದ, ಗುಮಾಸ್ತ ತನಗೆ ತಿಳಿದಂತೆ ಬರೆದುಕೊಂಡ. ಅಷ್ಟು ಬಾಯಿ, ಅಷ್ಟು ಕೈ ದಾಟಿ ಬಂದ ಮಾತು ಅದು.

ಇನ್ನು ಸುಟ್ಟದ್ದರ ವಿಷಯ. ಕೆನ್ಯಾದ ಉದಾಹರಣೆ ಕೇಳಿ. 1952ರಲ್ಲಿ, ತಮ್ಮ ಆಳ್ವಿಕೆಯ ವಿರುದ್ಧ ಎದ್ದ ಮಾವ್ ಮಾವ್ ಬಂಡಾಯ ಹತ್ತಿಕ್ಕಲು ಬ್ರಿಟಿಷರು ತುರ್ತುಸ್ಥಿತಿ ಹೇರಿದರು. ಸಾವಿರಾರು ಜನರನ್ನು ಶಿಬಿರಗಳಲ್ಲಿ ಕೂಡಿಹಾಕಿ ಹಿಂಸಿಸಿದರು. 1963ರ ಡಿಸೆಂಬರಿನಲ್ಲಿ ದೇಶ ಸ್ವತಂತ್ರವಾಯಿತು. ಅದಕ್ಕೆ ಮುಂಚೆಯೇ, 1961ರಲ್ಲಿ, ಲಂಡನ್ನಿನಿಂದ ವಸಾಹತುಗಳಿಗೆ ಒಂದು ಸೂಚನೆ ಹೋಗಿತ್ತು: ಸರ್ಕಾರಕ್ಕೆ ಮುಜುಗರ ತರುವ ಕಾಗದ ಯಾವುದೂ ಹೊಸ ಸರ್ಕಾರದ ಕೈಗೆ ಸಿಗಬಾರದು. ಸುಟ್ಟರೆ ಬೂದಿಯನ್ನೂ ಪುಡಿ ಮಾಡಬೇಕು. ಮುಳುಗಿಸುವುದಾದರೆ ಭಾರ ಕಟ್ಟಿದ ಪೆಟ್ಟಿಗೆಯಲ್ಲಿಟ್ಟು, ದಡದಿಂದ ದೂರ, ಸೆಳೆತವಿಲ್ಲದ ಆಳ ನೀರಿಗೆ ಬಿಡಬೇಕು. ಗುಟ್ಟಿನ ಕಡತ ತೆಗೆದ ಜಾಗದಲ್ಲಿ ಅನುಮಾನ ಬಾರದಂತೆ ನಕಲಿ ಕಡತ ಇಡಬೇಕು.

ಇಷ್ಟೆಲ್ಲ ಜಾಗ್ರತೆ ಮಾಡಿದವರು ಒಂದು ಕೆಲಸ ಬಿಡಲಿಲ್ಲ. ಸುಟ್ಟಿದ್ದಕ್ಕೆ ಪ್ರಮಾಣಪತ್ರ ಬರೆದಿಟ್ಟರು! ಆಫೀಸಿನ ಅಭ್ಯಾಸ ನೋಡಿ, ನಾಶ ಮಾಡಿದ್ದಕ್ಕೂ ಲೆಕ್ಕ ಬೇಕು. ಹಾಗಾಗಿ ನಾವು ಇಲ್ಲದ ಕಡತವನ್ನೂ ಹುಡುಕುತ್ತೇವೆ. ಸೂಚಿಯಲ್ಲಿ ಕ್ರಮಸಂಖ್ಯೆ ಎಲ್ಲಿ ಹಾರಿದೆ? ಈ ಪತ್ರ ಉತ್ತರ ಕೊಡುತ್ತಿರುವ ಆ ಹಿಂದಿನ ಪತ್ರ ಎಲ್ಲಿ ಹೋಯಿತು? ಹಿಂಸೆಗೊಳಗಾದ ಕೆನ್ಯಾದ ವೃದ್ಧರು ಲಂಡನ್ನಿನಲ್ಲಿ ದಾವೆ ಹೂಡಿದಾಗ ಇತಿಹಾಸಕಾರರು ಇಂಥದ್ದೇ ಪ್ರಶ್ನೆ ಎತ್ತಿದರು. ಕೆನ್ಯಾದಿಂದ ಸಾಗಿಸಿದ ಪೆಟ್ಟಿಗೆಗಳು ಎಲ್ಲಿವೆ ಅಂತ ಪಟ್ಟು ಹಿಡಿದರು. 2011ರಲ್ಲಿ ಬ್ರಿಟಿಷ್ ವಿದೇಶಾಂಗ ಇಲಾಖೆ ಒಪ್ಪಿಕೊಳ್ಳಬೇಕಾಯಿತು: ಇಂಗ್ಲೆಂಡಿನ ಹಾನ್‌ಸ್ಲೋಪ್ ಪಾರ್ಕ್ ಎಂಬ ಸರ್ಕಾರಿ ಆವರಣದಲ್ಲಿ 37 ಹಳೆಯ ವಸಾಹತುಗಳ ಸಾವಿರಾರು ಕಡತಗಳು ಸುಮ್ನೆ ಬಿದ್ದಿದ್ದವು. 2013ರಲ್ಲಿ 5,228 ಜನರಿಗಾಗಿ 1.99 ಕೋಟಿ ಪೌಂಡಿನ ರಾಜಿ ಆಯಿತು.

ಎಲ್ಲ ಕಡೆ ಹೀಗೆ ಅದೃಷ್ಟ ಖುಲಾಯಿಸುವುದಿಲ್ಲ. ಕಾಂಗೋವನ್ನು ತನ್ನ ಸ್ವಂತ ಆಸ್ತಿಯಂತೆ ಆಳಿದ ಬೆಲ್ಜಿಯಂ ದೊರೆ ಎರಡನೇ ಲಿಯೋಪೋಲ್ಡ್ 1908ರಲ್ಲಿ ಅದನ್ನು ಸರ್ಕಾರಕ್ಕೆ ಒಪ್ಪಿಸುವ ಮೊದಲು ದಫ್ತರಗಳನ್ನು ದಿನಗಟ್ಟಲೆ ಸುಡಿಸಿದ. ಆದರೆ ಹಡಗಿನ ಸರಕಿನ ಲೆಕ್ಕ ಅವನ ಮುಷ್ಟಿಯಲ್ಲಿರಲಿಲ್ಲ. ಹಡಗು ಕಂಪನಿಯ ಗುಮಾಸ್ತ ಇ. ಡಿ. ಮೊರೆಲ್ ಆ ಲೆಕ್ಕ ನೋಡಿಯೇ ಸಂಗತಿ ಹಿಡಿದದ್ದು. ಕಾಂಗೋದಿಂದ ರಬ್ಬರ್, ದಂತ ಬರುತ್ತಿತ್ತು. ಅಲ್ಲಿಗೆ ಹೋಗುತ್ತಿದ್ದದ್ದು ಹೆಚ್ಚಾಗಿ ಬಂದೂಕು, ಮದ್ದುಗುಂಡು. ವ್ಯಾಪಾರವಾಗಿದ್ದರೆ ಆ ಜನರಿಗೆ ಕೊಡುವ ಸರಕು ಎಲ್ಲಿ? ಕೂಲಿ ಕೊಡದೆ, ಬಂದೂಕು ತೋರಿಸಿ ದುಡಿಸುತ್ತಿದ್ದಾರೆ ಅಂತ ಅವನಿಗೆ ಹೊಳೆಯಿತು.

ಪ್ರಶ್ನೆ: ಮನೆಯ ಹಿರಿಯರು ಹೇಳುವ ಕಥೆಗಳಿಗೆ ಬೆಲೆ ಇದೆಯಾ?

ಉತ್ತರ: ಇದೆ. ಅಮೆರಿಕದ ಇತಿಹಾಸಕಾರ್ತಿ ಕ್ಯಾರೊಲಿನ್ ಎಲ್ಕಿನ್ಸ್ ಕೆನ್ಯಾದಲ್ಲಿ ನೂರಾರು ಜನರನ್ನು ಮಾತಾಡಿಸಿ 2005ರಲ್ಲಿ ಪುಸ್ತಕ ಬರೆದಾಗ, ಮುದುಕರ ಮಾತು ನಂಬಿದ್ದೀರಿ ಅಂತ ಟೀಕೆ ಬಂತು. ಆಮೇಲೆ ಹೊರಬಂದ ಕಡತಗಳು ಶಿಬಿರದ ಹಿಂಸೆಯ ಮಾತಿಗೆ ಪುಷ್ಟಿ ಕೊಟ್ಟವು. ಸತ್ತವರ ಸಂಖ್ಯೆ ಕುರಿತ ಎಲ್ಕಿನ್ಸ್ ಅವರ ಅಂದಾಜಿನ ಬಗ್ಗೆ ಮಾತ್ರ ಜಗಳ ಇನ್ನೂ ಇದೆ. ನನ್ನ ಅನುಭವ ಹೇಳುವುದಾದರೆ, ನೆನಪು ಲೆಕ್ಕದಲ್ಲಿ ಎಡವುತ್ತದೆ, ಪೆಟ್ಟಿನ ವಿಷಯದಲ್ಲಿ ಎಡವುವುದು ಕಡಿಮೆ.

ಬರೆದುಕೊಳ್ಳುವಾಗ ಹಿರಿಯರ ಮಾತನ್ನು ತಿದ್ದಬೇಡಿ. ತಾವೇ ಕಂಡದ್ದಾ, ಬೇರೆಯವರಿಂದ ಕೇಳಿದ್ದಾ ಅಂತ ವಿಚಾರಿಸಿ. ಇಸವಿ ಕೇಳಿದರೆ ತಡವರಿಸುತ್ತಾರೆ. ಆಗ ಮಳೆ ಹೇಗಿತ್ತು, ಮನೆಯಲ್ಲಿ ಯಾರ ಮದುವೆ ಆಗಿತ್ತು ಅಂತ ಕೇಳಿ ನೋಡಿ.