ಓದುಗರ ಪ್ರಶ್ನೆ: ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

ಪ್ರಶ್ನೆ: ಈ ಎರಡು ವಿಮಾನ ನಿಲ್ದಾಣಗಳ ನಡುವೆ ಸುಮಾರು 14,000 ಕಿ.ಮೀ. ಎನ್ನುತ್ತಾರೆ. ಭೂಪಟದಲ್ಲಿ ಗೆರೆ ಎಳೆದು ಅಳೆದರೆ ತುಂಬಾ ಹೆಚ್ಚು ಬರುತ್ತದೆ. ಯಾವುದು ಸರಿ? ನಾವೇ ಲೆಕ್ಕ ಹಾಕಬಹುದೇ?

ಉತ್ತರ: 14,000 ಸರಿ. ಶಾಲೆಯ ಗೋಡೆಯಲ್ಲಿರುವಂಥ ಚಪ್ಪಟೆ ಭೂಪಟದಲ್ಲಿ ಪೆಸಿಫಿಕ್ ದಾಟಿ ನೇರ ಗೆರೆ ಎಳೆದು, ಆ ದಾರಿಯಲ್ಲೇ ಹೋದರೆ ಸುಮಾರು 16,100 ಕಿ.ಮೀ. ಆಗುತ್ತದೆ. ದುಂಡಗಿನ ಭೂಮಿಯ ಮೇಲೆ ಹತ್ತಿರದ ದಾರಿ ಮಹಾವೃತ್ತದ್ದು, ಅಂದರೆ ಭೂಮಿಯನ್ನು ಸರಿಯಾಗಿ ಎರಡು ಅರ್ಧ ಮಾಡುವ ವೃತ್ತದ್ದು. ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಬಿಗಿಹಿಡಿದು ನೋಡಿ: ಅದು ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ, ಅಲಾಸ್ಕಾ ಮೇಲೆ ಹಾಯುತ್ತದೆ. 71 ಡಿಗ್ರಿ ಉತ್ತರದವರೆಗೂ ಏರುತ್ತದೆ.

ಲೆಕ್ಕಕ್ಕೆ ಸೈಂಟಿಫಿಕ್ ಕ್ಯಾಲ್ಕುಲೇಟರ್ ಸಾಕು. ಬೆಂಗಳೂರು 13.20 ಉತ್ತರ, 77.71 ಪೂರ್ವ, ಸ್ಯಾನ್ ಫ್ರಾನ್ಸಿಸ್ಕೋ 37.62 ಉತ್ತರ, 122.38 ಪಶ್ಚಿಮ. ಒಂದು ಪೂರ್ವ, ಇನ್ನೊಂದು ಪಶ್ಚಿಮವಾದ್ದರಿಂದ ರೇಖಾಂಶಗಳನ್ನು ಕೂಡಿಸಬೇಕು: 200.09. ಇದು 180 ದಾಟಿದ್ದರಿಂದ 360ರಲ್ಲಿ ಕಳೆಯಿರಿ: 159.91. ಈಗ ಎರಡು ಅಕ್ಷಾಂಶಗಳ ಸೈನ್‌ಗಳ ಗುಣಲಬ್ಧ 0.1394. ಅವುಗಳ ಕೊಸೈನ್‌ಗಳನ್ನು ಗುಣಿಸಿ, ಅದನ್ನು 159.91ರ ಕೊಸೈನ್‌ನಿಂದ ಮತ್ತೆ ಗುಣಿಸಿದರೆ ಮೈನಸ್ 0.7243. ಎರಡನ್ನೂ ಕೂಡಿಸಿದರೆ ಮೈನಸ್ 0.5849. ಇದರ ವಿಲೋಮ ಕೊಸೈನ್ (ಕ್ಯಾಲ್ಕುಲೇಟರ್‌ನ cos⁻¹ ಕೀಲಿ) 125.8 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ.ಯಂತೆ 13,989 ಕಿ.ಮೀ.

ಉತ್ತರ ಅಸಂಬದ್ಧವಾಗಿ ಬಂದರೆ ಮೊದಲು ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ರೇಡಿಯನ್‌ನಲ್ಲಿ (ಕೋನ ಅಳೆಯುವ ಇನ್ನೊಂದು ಮಾನ) ಇದೆಯೇ ನೋಡಿ. ಇನ್ನೊಂದು ಸಾಮಾನ್ಯ ತಪ್ಪು, 13 ಡಿಗ್ರಿ 12 ನಿಮಿಷವನ್ನು 13.12 ಎಂದು ಬರೆಯುವುದು. ನಿಮಿಷವನ್ನು 60ರಿಂದ ಭಾಗಿಸಬೇಕು, ಆಗ 13.20. ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿರುವುದರಿಂದ ಈ ಲೆಕ್ಕ ಶೇ. 0.5ರಷ್ಟು ಆಚೀಚೆ ಆಗಬಹುದು. ಬೇರೆಡೆ 7,550ರ ಆಸುಪಾಸಿನ ಸಂಖ್ಯೆ ಕಂಡರೆ ಗಾಬರಿ ಬೇಡ, ಅದು ನಾಟಿಕಲ್ ಮೈಲಿ, ಒಂದಕ್ಕೆ 1.852 ಕಿ.ಮೀ.

ಪ್ರಶ್ನೆ: ವಿಮಾನ ಇದೇ ಗೆರೆಯಲ್ಲಿ ಹಾರುತ್ತದೆಯೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ಮೊದಲ ಅಡ್ಡಿಯೇ ಟಿಬೆಟ್. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಕುಸಿದರೆ ವಿಮಾನ ಬೇಗ 10,000 ಅಡಿಗೆ ಇಳಿಯಬೇಕು, ಏಕೆಂದರೆ ಪ್ರಯಾಣಿಕರ ಮಾಸ್ಕ್‌ಗಳಿಗೆ ಆಮ್ಲಜನಕ ಸಿಗುವುದು ಕೆಲವೇ ನಿಮಿಷ. ಟಿಬೆಟ್‌ನಲ್ಲಿ ನೆಲವೇ ಸರಾಸರಿ 14,000 ಅಡಿಗಿಂತ ಎತ್ತರ, ಇಳಿಯುವುದೆಲ್ಲಿಗೆ? ಎರಡನೆಯದು ಗಾಳಿ. ಮೇಲೆ ಬೀಸುವ ಪಶ್ಚಿಮದ ಜೆಟ್ ಗಾಳಿ ಪೂರ್ವಕ್ಕೆ ಹೋಗುವಾಗ ಬೆನ್ನಿಗಿರುತ್ತದೆ, ಬರುವಾಗ ಎದುರಾಗುತ್ತದೆ. ಬೆನ್ನುಗಾಳಿ ಸಿಗುವುದಾದರೆ ನೂರಾರು ಕಿ.ಮೀ. ಸುತ್ತಿದರೂ ಇಂಧನ ಉಳಿಯುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ಬೋಯಿಂಗ್ 777-200ಎಲ್‌ಆರ್ ಅನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ತಂದದ್ದು ಉತ್ತರ ಧ್ರುವದ ಕಡೆಯಿಂದ.

ಪ್ರಶ್ನೆ: ಟಿಕೆಟ್‌ನಲ್ಲಿರುವ ಸಮಯದಿಂದ ದೂರ ಕಂಡುಹಿಡಿಯಬಹುದೇ?

ಉತ್ತರ: ಆಗದು. ಅಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ಎರಡೂ ಊರುಗಳ ನಡುವೆ ಚಳಿಗಾಲದಲ್ಲಿ ಹದಿಮೂರೂವರೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಅದನ್ನು ಸರಿಪಡಿಸಿದರೂ ರನ್‌ವೇವರೆಗಿನ ಓಡಾಟ, ಗಾಳಿ, ಸುತ್ತುದಾರಿ ಎಲ್ಲವೂ ಅದರಲ್ಲೇ ಸೇರಿರುತ್ತವೆ.