ಪಾಲಿಸಿ ತಗೊಳ್ಳಿ, ಉಬ್ಬಸ ಮುಚ್ಚಿಡಬೇಡಿ

ಪತ್ರದ ಸಾರ: ನಾನು ಬ್ಯಾಡಗಿಯವಳು, 20 ವರ್ಷ. ಬೆಂಗಳೂರಿನ ಪಿಜಿಯಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದೇನೆ. ಅಪ್ಪ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ, ಬಿಪಿಎಲ್ ಕಾರ್ಡ್ ಇದೆ. ನನಗೆ ಚಿಕ್ಕಂದಿನಿಂದ ಉಬ್ಬಸ. ಪಕ್ಕದ ರೂಮಿನವಳಿಗೆ ಡೆಂಗಿ ಬಂದಾಗ ಆಸ್ಪತ್ರೆ ಬಿಲ್ ನೋಡಿ ಹೆದರಿಕೆಯಾಯಿತು. ಏಜೆಂಟ್ ಒಬ್ಬರು 10 ಲಕ್ಷದ ಆರೋಗ್ಯ ವಿಮೆ ಪಾಲಿಸಿ ತೋರಿಸಿದ್ದಾರೆ. ಉಬ್ಬಸದ ವಿಷಯ ಬರೆಯಬೇಡ, 5 ವರ್ಷ ಕಳೆದರೆ ಯಾರೂ ಕೇಳಲ್ಲ ಅಂತಾರೆ. ಅರ್ಜಿಯ ಫೋಟೋ ಕಳಿಸಿದ್ದೇನೆ. ಏನು ಮಾಡಲಿ?

ಸಂಪಾದಕರ ಉತ್ತರ:

ಮೊದಲು ಆ ಫೋಟೋದ ವಿಷಯ. ಉಸಿರಾಟದ ತೊಂದರೆ ಇದೆಯೇ ಅನ್ನುವ ಪ್ರಶ್ನೆಯ ಮುಂದೆ 'ಇಲ್ಲ' ಅಂತ ಆಗಲೇ ಗುರುತು ಹಾಕಿದ್ದಾರೆ. ಪೆನ್ನು ಅವರದು, ಕೆಳಗೆ ಸಹಿ ಮಾತ್ರ ನಿಮ್ಮದಾಗಬೇಕು. ನಾಳೆ ಕ್ಲೇಮ್, ಅಂದರೆ ಆಸ್ಪತ್ರೆ ಖರ್ಚು ಕೊಡಿ ಅಂತ ಕೇಳಿದ್ದು, ತಿರಸ್ಕಾರವಾದರೆ ಉತ್ತರ ಕೊಡಬೇಕಾದವರು ನೀವು, ಅವರಲ್ಲ. ಸಹಿ ಮಾಡಬೇಡಿ.

5 ವರ್ಷದ ಮಾತು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಪಾಲಿಸಿ ಸತತವಾಗಿ 60 ತಿಂಗಳು ನಡೆದ ಮೇಲೆ, ನೀವು ಏನೋ ಹೇಳಲಿಲ್ಲ ಅಂತ ಕಂಪನಿ ಕ್ಲೇಮ್ ನಿರಾಕರಿಸುವಂತಿಲ್ಲ, ನಿಜ. 2024ಕ್ಕೆ ಮುಂಚೆ ಇದು 8 ವರ್ಷ ಇತ್ತು. ಆದರೆ ಮೋಸ ಅಂತ ಸಾಬೀತಾದರೆ ಈ ರಕ್ಷಣೆ ಇಲ್ಲ. ಇನ್‌ಹೇಲರ್ ಬ್ಯಾಗಿನಲ್ಲಿಟ್ಟುಕೊಂಡೇ 'ಇಲ್ಲ' ಅಂತ ಬರೆದರೆ ಅದನ್ನು ಇನ್ನೇನಂತಾರೆ? ಅದೂ ಅಲ್ಲದೆ ಮಧ್ಯದ ಆ 5 ವರ್ಷದಲ್ಲಿ ಕಾಯಿಲೆ ಬಂದರೆ? ಅಡ್ಮಿಟ್ ಆದಾಗ ಡಾಕ್ಟರು ಹಳೇ ಕಾಯಿಲೆ ಏನಿತ್ತು ಅಂತ ಕೇಳೇ ಕೇಳುತ್ತಾರೆ, ನಿಮ್ಮಮ್ಮ ಪಕ್ಕದಲ್ಲಿ ನಿಂತು 'ಸಣ್ಣಾಕಿ ಇದ್ದಾಗಿಂದ ಉಬ್ಬಸ ಐತ್ರಿ' ಅಂತಾರೆ, ಅದು ಕೇಸ್ ಶೀಟ್ ಸೇರುತ್ತದೆ, ಆ ಹಾಳೆ ನೇರ ವಿಮಾ ಕಂಪನಿಗೆ ಹೋಗುತ್ತದೆ.

ನಿಜ ಬರೆದರೆ ಏನಾಗುತ್ತದೆ? ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾಗುತ್ತದೆ, ಈಗಿನ ನಿಯಮದಲ್ಲಿ ಹೆಚ್ಚೆಂದರೆ 3 ವರ್ಷ. ಈಗ ಶುರು ಮಾಡಿದರೆ ನಿಮ್ಮ 23ನೇ ವಯಸ್ಸಿಗೆ ಮುಗಿಯುತ್ತದೆ. ಕೆಲವು ಕಂಪನಿಗಳು ಪ್ರೀಮಿಯಂ ಸ್ವಲ್ಪ ಜಾಸ್ತಿ ಕೇಳಬಹುದು, ಒಂದೆರಡು ಬೇಡ ಅನ್ನಲೂಬಹುದು, ಆಗ ಇನ್ನೊಂದು ಕಂಪನಿ ನೋಡಿ. ಈ 3 ವರ್ಷದ ಕಾಯುವ ಅವಧಿ ಉಬ್ಬಸಕ್ಕೆ, ಡೆಂಗಿಗೆ ಅಲ್ಲ. ಡೆಂಗಿಯಂಥದ್ದಕ್ಕೆ ಮೊದಲ 30 ದಿನ ಬಿಟ್ಟು ಆಮೇಲೆ ಹಣ ಸಿಗುತ್ತದೆ. ಅಪಘಾತಕ್ಕೆ ಆ 30 ದಿನವೂ ಕಾಯಬೇಕಿಲ್ಲ. ಜ್ವರ ಬಂದ ಮೇಲೆ ಪಾಲಿಸಿ ಹುಡುಕಿದರೆ ನಡೆಯಲ್ಲ, ಅಷ್ಟೆ.

ಇನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ ಬಿಪಿಎಲ್ ಕಾರ್ಡ್. ಅದರ ಬೆಲೆ ನಿಮಗೆ ಗೊತ್ತಿಲ್ಲ ಅನ್ನಿಸುತ್ತದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಅನ್ನುವ ಸರ್ಕಾರಿ ಯೋಜನೆಯಲ್ಲಿ ನಿಮ್ಮ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಬ್ಯಾಡಗಿಯಲ್ಲಷ್ಟೇ ಅಲ್ಲ, ಬೆಂಗಳೂರಿನಲ್ಲೂ. ಪ್ರೀಮಿಯಂ ಇಲ್ಲ, ಉಬ್ಬಸ ಇದೆಯಾ ಅಂತ ಕೇಳುವವರೂ ಇಲ್ಲ. ಆದರೆ ದಾರಿ ಸ್ವಲ್ಪ ಸುತ್ತು. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಅವರು ಬರೆದುಕೊಟ್ಟ ಮೇಲೆ ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆ. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ನೇರ ಹೋಗಬಹುದು. ಪಿಜಿ ಪಕ್ಕದ ನರ್ಸಿಂಗ್ ಹೋಮಿನಲ್ಲಿ ಡೆಂಗಿಗೆ ಮಲಗಿದರೆ ಇದು ಕೈ ಹಿಡಿಯುತ್ತದೆ ಅಂತ ನಂಬಬೇಡಿ. ಆದರೂ ಆಯುಷ್ಮಾನ್ ಕಾರ್ಡ್ ಈ ಸಲ ಊರಿಗೆ ಹೋದಾಗಲೇ ಮಾಡಿಸಿ, ಅಪ್ಪ ಅಮ್ಮನದೂ ಸೇರಿಸಿ. ಕಾಲೇಜು ಫೀಸ್ ರಸೀದಿಯಲ್ಲಿ ವಿಮೆ ಅಂತ ಒಂದು ಸಾಲಿದ್ದರೆ ಆಫೀಸಿನಲ್ಲಿ ಕೇಳಿ. ಸಾಮಾನ್ಯವಾಗಿ ಅದು ಅಪಘಾತದ ವಿಮೆ, ಜ್ವರಕ್ಕೆ ಬರಲ್ಲ.

ಇಷ್ಟೆಲ್ಲ ಇರುವಾಗ 10 ಲಕ್ಷ ಬೇಕಾ? ನನ್ನ ಪ್ರಕಾರ 5 ಲಕ್ಷ ಸಾಕು. ಮೊತ್ತಕ್ಕಿಂತ ನೋಡಬೇಕಾದ್ದು ರೂಮ್ ಬಾಡಿಗೆಯ ಮಿತಿ, ಅಂದರೆ ಆಸ್ಪತ್ರೆ ರೂಮಿಗೆ ಕಂಪನಿ ದಿನಕ್ಕೆ ಹೆಚ್ಚೆಂದರೆ ಎಷ್ಟು ಕೊಡುತ್ತದೆ ಅನ್ನುವುದು. ಯಾರೂ ಓದದ ಸಾಲು ಅದು. ದಿನಕ್ಕೆ 3,000 ಮಿತಿ ಇದ್ದು ನೀವು 6,000ದ ರೂಮಿನಲ್ಲಿ ಇದ್ದಿರಿ ಅಂದುಕೊಳ್ಳಿ. ಬಾಡಿಗೆಯ ವ್ಯತ್ಯಾಸ ಕೊಟ್ಟರೆ ಮುಗಿಯಿತು ಅಂತ ಎಲ್ಲರೂ ತಿಳಿಯುತ್ತಾರೆ, ಹಾಗಲ್ಲ. ರೂಮಿಗೆ ತಕ್ಕಂತೆ ದರ ಏರುವ ಆಸ್ಪತ್ರೆಯಲ್ಲಿ ಡಾಕ್ಟರ್ ಫೀಸು, ಆಪರೇಷನ್ ಥಿಯೇಟರ್ ಬಾಡಿಗೆ ಎಲ್ಲಕ್ಕೂ ಅದೇ ಅರ್ಧದ ಲೆಕ್ಕ ಹಾಕುತ್ತಾರೆ. ಅವು 80,000 ಆಗಿದ್ದರೆ 40,000 ನಿಮ್ಮ ಕೈಯಿಂದ. ಔಷಧಿ, ಟೆಸ್ಟುಗಳಿಗೆ ಈ ಕತ್ತರಿ ಇಲ್ಲ, ಅಷ್ಟೇ ಸಮಾಧಾನ. ಹಾಗಾಗಿ ಬಾಡಿಗೆ ಮಿತಿ ಇಲ್ಲದ 5 ಲಕ್ಷ, ಮಿತಿ ಇರುವ 10 ಲಕ್ಷಕ್ಕಿಂತ ಮೇಲು. ಕೋ-ಪೇ ಇದೆಯಾ, ಅಂದರೆ ಪ್ರತಿ ಬಿಲ್ಲಿನಲ್ಲೂ ಇಷ್ಟು ಭಾಗ ನೀವೇ ಕಟ್ಟಬೇಕಾ, ಅದನ್ನೂ ಕೇಳಿ. ಪಿಜಿ ಹತ್ತಿರದ ಯಾವ ಆಸ್ಪತ್ರೆ ಕ್ಯಾಶ್‌ಲೆಸ್ ಪಟ್ಟಿಯಲ್ಲಿದೆ, ಅಂದರೆ ಎಲ್ಲಿ ಬಿಲ್ಲನ್ನು ಕಂಪನಿಯೇ ನೇರ ಕಟ್ಟುತ್ತದೆ ಅಂತ ನೀವೇ ನೋಡಿ, ಏಜೆಂಟ್ ಬಾಯಿಮಾತು ಬೇಡ.

ಏಜೆಂಟ್ ಕೊಟ್ಟ ಲೆಕ್ಕದಲ್ಲಿ 18% ಜಿಎಸ್‌ಟಿ ಸೇರಿದೆಯಾ ನೋಡಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ. ಪಾಲಿಸಿ ಕೈಗೆ ಬಂದ ಮೇಲೆ ಹಿಡಿಸದಿದ್ದರೆ 30 ದಿನದೊಳಗೆ ವಾಪಸ್ ಮಾಡಬಹುದು. ಆ ದಿನಗಳಲ್ಲಿ ಕೂತು ಓದಿ, ಸೆಮಿಸ್ಟರ್ ಪರೀಕ್ಷೆಯಷ್ಟು ಕಷ್ಟವಿಲ್ಲ. ಮುಂದೆ ಕೆಲಸ ಸಿಕ್ಕಿ ಕಂಪನಿಯವರೇ ವಿಮೆ ಕೊಟ್ಟರೂ ಇದನ್ನು ಬಿಡಬೇಡಿ. ಕೆಲಸ ಬಿಟ್ಟರೆ ಅವರ ವಿಮೆ ಹೋಗುತ್ತದೆ, ಇದನ್ನೂ ಬಿಟ್ಟಿದ್ದರೆ ಇಲ್ಲಿ ಕಾಯ್ದ 3 ವರ್ಷ ಸುಮ್ನೆ ಹಾಳು.

ಏಜೆಂಟ್‌ಗೆ ಹೊಸ ಫಾರ್ಮ್ ಕೇಳಿ, ಈ ಸಲ ನೀವೇ ತುಂಬಿ. ಅವರು ಒಪ್ಪದಿದ್ದರೆ ಬೇರೆಯವರನ್ನು ನೋಡಿ, ಬೆಂಗಳೂರಿನಲ್ಲಿ ಏಜೆಂಟರಿಗೇನು ಬರವೇ?