ಎಡಗಣ್ಣಲ್ಲ, ಎಡಭಾಗ: ‘ಮಾಬಲಣ್ಣನ ಎಡಗಣ್ಣು’ ಕಥೆಯ ಬಗ್ಗೆ

ನಮಸ್ಕಾರ.

ನಿಮ್ಮ ಕಥೆ ಓದಿದೆವು. ಶಿರಸಿ ಕಡೆಯ ಅಡಿಕೆ ಬೆಳೆಗಾರ ಮಾಬಲಣ್ಣನಿಗೆ ಸ್ಟ್ರೋಕ್ ಆಗಿ ಮೆದುಳಿನ ಬಲ ಹಿಂಭಾಗ ಹಾಳಾಗುತ್ತದೆ. ಆಮೇಲೆ, ಏನೂ ಕಾಣದ ಕಡೆಯಿಂದ ಬಂದ ಚೆಂಡಿಗೆ ಅವನ ಕೈ ತಾನಾಗಿ ಏಳುತ್ತದೆ. ಇಂಥ ವಸ್ತು ನಮ್ಮಲ್ಲಿಗೆ ಬರುವುದು ಅಪರೂಪ. ಆದರೂ ಈಗಿನ ರೂಪದಲ್ಲಿ ಪ್ರಕಟಿಸಲಾರೆವು. ನಿಮ್ಮ ಮಾಬಲಣ್ಣನಿಗೆ ತಾನು ನೋಡಿದ್ದು ಚೆನ್ನಾಗಿ ಗೊತ್ತಿದೆ. ಕಾಣದ ಭಾಗದಲ್ಲಿ ನಡೆದದ್ದಕ್ಕೂ ಮೈ ಸ್ಪಂದಿಸುವ ಕುರುಡುನೋಟ, ಅಂದರೆ ಬ್ಲೈಂಡ್‌ಸೈಟ್ ಇರುವವರಿಗೆ ಅದು ಗೊತ್ತಾಗುವುದಿಲ್ಲ. ಗೊತ್ತಾದರೂ ‘ಏನೋ ಸರಿದ ಹಾಗಾಯಿತು’ ಎನ್ನುವಷ್ಟೇ. ಕಥೆಯ ಜೀವ ಇರುವುದು ಕೈ ಮಾಡುವುದಕ್ಕೂ ಬಾಯಿ ಹೇಳುವುದಕ್ಕೂ ನಡುವಿನ ಆ ಅಂತರದಲ್ಲಿ.

ಮೊದಲು ಶೀರ್ಷಿಕೆ. ಬಲ ಹಿಂಭಾಗಕ್ಕೆ ಏಟಾದರೆ ಎಡಗಣ್ಣು ಹೋಗುವುದಿಲ್ಲ. ಎರಡೂ ಕಣ್ಣಿನ ನೋಟದಲ್ಲಿ ಎಡ ಅರ್ಧ ಹೋಗುತ್ತದೆ. ಹಾಗಾಗಿ ಎರಡನೇ ಪುಟದಲ್ಲಿ ಅವನು ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ಪೇಪರು ಸಲೀಸಾಗಿ ಓದುವುದು ಸಾಧ್ಯವಿಲ್ಲ. ಯಾವ ಕಣ್ಣು ಮುಚ್ಚಿದರೂ ಎಡಭಾಗ ಇಲ್ಲವೇ ಇಲ್ಲ. ಇನ್ನೊಂದು ವಿಷಯ ಮರೆಯಬೇಡಿ: ಅವನು ಸ್ವಲ್ಪ ಎಡಕ್ಕೆ ತಿರುಗಿದರೆ ಸಾಕು, ವಸ್ತು ಕಾಣುವ ಅರ್ಧಕ್ಕೆ ಬಂದುಬಿಡುತ್ತದೆ. ಆದ್ದರಿಂದ ಪ್ರತಿ ದೃಶ್ಯದಲ್ಲೂ ಅವನ ದೃಷ್ಟಿ ಎಲ್ಲಿ ನೆಟ್ಟಿದೆ ಎಂದು ಬರೆಯಲೇಬೇಕು.

ಚೆಂಡಿನ ದೃಶ್ಯದಲ್ಲಿ ಅವನು ಕಣ್ಣು ಮುಚ್ಚಿ ಕೂತಿದ್ದಾನೆ. ಇದು ದೊಡ್ಡ ತಪ್ಪು. ಕುರುಡುನೋಟ ಆರನೇ ಇಂದ್ರಿಯವಲ್ಲ, ಅದಕ್ಕೆ ಬೆಳಕು ಕಣ್ಣೊಳಗೆ ಹೋಗಲೇಬೇಕು. ಕಣ್ಣಿನ ನರದ ಹೆಚ್ಚಿನ ಎಳೆಗಳು ಮೆದುಳಿನೊಳಗಿನ ಥಲಾಮಸ್ ಎಂಬ ಭಾಗದ ಮೂಲಕ, ನೋಟವನ್ನು ಮೊದಲು ಪಡೆಯುವ ಹಿಂಭಾಗದ ವಿ1 ಎಂಬ ಜಾಗಕ್ಕೆ ಹೋಗುತ್ತವೆ. ಮಾಬಲಣ್ಣನಲ್ಲಿ ಹಾಳಾದದ್ದು ಅದೇ. ಆದರೆ ಚಲನೆಯನ್ನು ಗುರುತಿಸುವ ವಿ5 ಭಾಗಕ್ಕೆ ವಿ1 ಅನ್ನು ಮುಟ್ಟದೆ ಹೋಗುವ ದಾರಿಗಳೂ ಇವೆ: ಒಂದು ಥಲಾಮಸ್‌ನಿಂದ ನೇರ, ಇನ್ನೊಂದು ನಡುಮೆದುಳಿನ ಮೂಲಕ. ಎಲ್ಲ ರೋಗಿಗಳಲ್ಲೂ ಇವು ಉಪಯೋಗಕ್ಕೆ ಬರುವಷ್ಟು ಉಳಿದಿರುವುದಿಲ್ಲ. ಉಳಿದವರಲ್ಲೂ ಆಕಾರ, ಬಣ್ಣ, ಮುಖ ಈ ದಾರಿಯಲ್ಲಿ ಸರಿಯಾಗಿ ಬರುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ಬಿದ್ದ ಸೈನಿಕರಲ್ಲಿ ಬ್ರಿಟಿಷ್ ವೈದ್ಯ ಜಾರ್ಜ್ ರಿಡೋಕ್ 1917ರಲ್ಲೇ ಇದನ್ನು ದಾಖಲಿಸಿದ್ದಾರೆ. ನಿಂತ ವಸ್ತು ಅವರಿಗೆ ಕಾಣುತ್ತಿರಲಿಲ್ಲ. ಅದೇ ವಸ್ತು ಅಲುಗಾಡಿದರೆ ಏನೋ ಅಲುಗಿತೆಂದು ತಿಳಿಯುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ.

ಹೀಗಾಗಿ ಯಕ್ಷಗಾನದ ದೃಶ್ಯ ಪೂರ್ತಿ ಬದಲಾಗಬೇಕು. ಭಾಗವತರ ಮೇಲೆ ಕಣ್ಣು ನೆಟ್ಟ ಮಾಬಲಣ್ಣ ಎಡದಲ್ಲಿ ‘ಕೇದಗೆ ಮುಂದಲೆ, ಕೆಂಪು ಕಸೆಸೀರೆ’ ಕಾಣುತ್ತಾನೆ. ಎರಡನ್ನೂ ತೆಗೆಯಿರಿ. ವೇಷ ಸುಮ್ಮನೆ ನಿಂತಿರುವಷ್ಟು ಹೊತ್ತು ಅವನ ಪಾಲಿಗೆ ಅಲ್ಲಿ ಏನೂ ಇಲ್ಲ. ಅದು ಮಂಡಿ ಹಾಕುತ್ತ ರಂಗಸ್ಥಳದ ಅಂಚಿಗೆ ಹೊರಟಾಗ ಮಾತ್ರ ಅವನ ಮೈಯಲ್ಲಿ ಏನಾದರೂ ಆಗಬಹುದು. ಆದರೆ ಪ್ರವೇಶದ ಹೊತ್ತನ್ನು ಆರಿಸಬೇಡಿ. ಪದ್ಯ ಮತ್ತು ಚಂಡೆಯ ಪೆಟ್ಟು ಕೇಳಿಯೇ ವೇಷ ಬಂತೆಂದು ಯಾರಿಗಾದರೂ ತಿಳಿಯುತ್ತದೆ. ಕಿವಿಯ ಕೆಲಸವನ್ನು ಓದುಗ ಕಣ್ಣಿನ ಲೆಕ್ಕಕ್ಕೆ ಬರೆಯಲಾರ.

ಕಾರವಾರದ ಕಡಲಲ್ಲಿ ಮಳೆಯ ಮಬ್ಬಿನೊಳಗೆ ನಿಧಾನ ಸಾಗುವ ದೋಣಿಯ ದೃಶ್ಯವೂ ಒಪ್ಪದು. ಕತ್ತಲೆ ತೋಟದ ಎದುರು ಬಿಳಿ ಪಂಚೆ ಸರಕ್ಕನೆ ಹಾದುಹೋಗಲಿ. ಹಿನ್ನೆಲೆಗಿಂತ ಎದ್ದು ಕಾಣುವ, ದೊಡ್ಡ, ವೇಗದ ಒಂದೇ ವಸ್ತು ಬೇಕು. ಜಿ.ವೈ. ಎಂಬ ಅಕ್ಷರಗಳಿಂದ ಗುರುತಾದ, ಬಹಳ ಅಧ್ಯಯನಕ್ಕೊಳಗಾದ ರೋಗಿ ಚಲಿಸುವ ಪಟ್ಟಿಯ ದಿಕ್ಕು ಹೇಳಬಲ್ಲವನಾಗಿದ್ದ. ಚದುರಿದ ಚುಕ್ಕಿಗಳ ಹಿಂಡು ಯಾವ ಕಡೆ ಹೊರಟಿದೆ ಎಂದರೆ ಸೋಲುತ್ತಿದ್ದ.

ಚಹಾ ಸುರಿಯುವಾಗ ಧಾರೆ ಹೆಪ್ಪುಗಟ್ಟಿ ನಿಂತಂತೆ ಕಾಣುವ ಪ್ಯಾರಾ ಚೆನ್ನಾಗಿದೆ, ಆದರೆ ಅದು ಇದಕ್ಕೆ ತದ್ವಿರುದ್ಧವಾದ ತೊಂದರೆ. 1983ರಲ್ಲಿ ವರದಿಯಾದ ಎಲ್.ಎಂ. ಎಂಬಾಕೆಗೆ ಆಕಾರ, ಬಣ್ಣ ಕಾಣುತ್ತಿತ್ತು, ಚಲನೆ ಮಾತ್ರ ಕಾಣುತ್ತಿರಲಿಲ್ಲ. ಇಬ್ಬರ ಕಾಯಿಲೆಯನ್ನೂ ಒಬ್ಬನ ತಲೆಗೆ ಕಟ್ಟಬೇಡಿ.

ಆಸ್ಪತ್ರೆಯಲ್ಲಿ ಡಾಕ್ಟರು ಪೆನ್ನು ಆಡಿಸಿ ‘ಏನು ಕಾಣ್ತದೆ?’ ಎಂದು ಕೇಳುತ್ತಾರೆ. ಹಾಗೆ ಕೇಳಿದರೆ ಸಿಗುವ ಉತ್ತರ ‘ಎಂತೂ ಇಲ್ಲೆ’ ಒಂದೇ. ಗದ್ದ ಊರಿಸಿ ಕೂರಿಸಿ, ಪರದೆಯ ನಡುವಿನ ಚುಕ್ಕಿಯ ಮೇಲೆ ದೃಷ್ಟಿ ನಿಲ್ಲಿಸಲಿ. ಕುರುಡು ಭಾಗದಲ್ಲಿ ಬೆಳಕಿನ ಪಟ್ಟಿ ಮೇಲಕ್ಕೋ ಕೆಳಕ್ಕೋ ಸರಿಯಲಿ, ಅದೂ ಸೆಕೆಂಡಿನ ಐದನೇ ಒಂದು ಭಾಗದೊಳಗೆ. ಅದಕ್ಕಿಂತ ಹೆಚ್ಚಾದರೆ ಕಣ್ಣು ಅತ್ತ ಹೊರಳಿಬಿಡುತ್ತದೆ. ಪ್ರತಿ ಸಲವೂ ಎರಡು ಪ್ರಶ್ನೆ: ‘ಮೇಲೋ ಕೆಳಗೋ, ಊಹಿಸಿಯಾದರೂ ಹೇಳಿ’, ಆಮೇಲೆ ‘ಏನಾದರೂ ಅನ್ನಿಸಿತಾ?’ ನೂರು ಸಲದಲ್ಲಿ ಐವತ್ತು ಸರಿಯಾದರೆ ಅದು ಬರೀ ಅದೃಷ್ಟ. ಎಂಬತ್ತು, ಎಂಬತ್ತೈದು ಸರಿ ಬಂದೂ ಮಾಬಲಣ್ಣ ‘ಎಂತೂ ಕಾಣ್ತಿಲ್ಲೆ, ಸುಮ್ನೆ ಹೇಳಿದ್ದು’ ಅನ್ನಲಿ. ಡಾಕ್ಟರಿಗೆ ಸಂಶಯವೂ ಬರಲಿ: ಪಟ್ಟಿಯ ಬೆಳಕು ಚದುರಿ ಕಾಣುವ ಅರ್ಧಕ್ಕೆ ಬಿದ್ದಿರಬಹುದಲ್ಲ? 1973ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯಾದ ಡಿ.ಬಿ. ಎಂಬ ರೋಗಿಯಲ್ಲಿ ಮನಶ್ಶಾಸ್ತ್ರಜ್ಞ ಲಾರೆನ್ಸ್ ವೈಸ್‌ಕ್ರಾಂಟ್ಜ್ ಇದನ್ನೂ ಪರೀಕ್ಷಿಸಿದರು. ಕಣ್ಣಿನ ನರ ಹೊರಡುವಲ್ಲಿ ಎಲ್ಲರಿಗೂ ಇರುವ ಸಹಜ ಕುರುಡು ಚುಕ್ಕಿಯ ಮೇಲೆ ಬೆಳಕು ಬಿಟ್ಟಾಗ ಬೆಳಕು ಬಂತೋ ಇಲ್ಲವೋ ಆತ ಹೇಳಲಾರದೆ ಹೋದ. ಪಕ್ಕಕ್ಕೆ ಸರಿಸಿದರೆ ಹೇಳಿದ. ಚದುರಿದ ಬೆಳಕೇ ಕಾರಣವಾಗಿದ್ದರೆ ಎರಡೂ ಕಡೆ ಹೇಳಬೇಕಿತ್ತು.

ಕೊನೆಯಲ್ಲಿ ಅವನಿಗೆ ಮೊಮ್ಮಗಳ ಮುಖ ಥಟ್ಟನೆ ಕಾಣುವುದನ್ನು ಒಪ್ಪಲಾರೆವು. ತಿಂಗಳುಗಟ್ಟಲೆ, ದಿನಾ ನೂರಾರು ಸಲ ಚಲನೆಯ ಅಭ್ಯಾಸ ಮಾಡಿಸಿದ ರೋಗಿಗಳಲ್ಲೂ ಸುಧಾರಿಸಿದ್ದು ಅಭ್ಯಾಸ ಮಾಡಿದ ಅಷ್ಟೇ ಜಾಗ. ಮೊಮ್ಮಗಳು ಎಡಗಡೆಯಿಂದ ಓಡಿ ಬರಲಿ, ಅವನು ದಾರಿ ಬಿಡಲಿ, ಯಾಕೆ ಸರಿದೆ ಎಂದರೆ ‘ಕಾಲು ಜೋಮು ಹಿಡಿದಿತ್ತು’ ಎನ್ನುವಂಥ ಒಂದು ಕಾರಣ ಕೊಡಲಿ. 2008ರಲ್ಲಿ ವರದಿಯಾದ ಟಿ.ಎನ್. ಎಂಬ ರೋಗಿ ಎರಡೂ ಬದಿಯ ವಿ1 ಕಳೆದುಕೊಂಡವರು. ಅಡ್ಡ ಇಟ್ಟ ಪೆಟ್ಟಿಗೆಗಳನ್ನು ತಪ್ಪಿಸುತ್ತ ಓಣಿ ದಾಟಿದ ಮೇಲೂ ತಾನು ನೇರ ನಡೆದು ಬಂದೆನೆಂದೇ ತಿಳಿದಿದ್ದರು. ಮಾಬಲಣ್ಣನ ಹೆಂಡತಿ ‘ನಿಮಗೆ ಕಾಣ್ತು, ಸುಳ್ಳು ಹೇಳ್ತ್ರಿ’ ಎಂದು ಸಿಟ್ಟಾಗುವ ಐದನೇ ಪುಟದ ಸಾಲನ್ನು ಹಾಗೇ ಇಡಿ. ಮನೆಯವರ ಸಂಶಯವನ್ನು ನೀವು ಸರಿಯಾಗಿ ಹಿಡಿದಿದ್ದೀರಿ.

ತಿದ್ದಿದ ಪ್ರತಿ 2,500 ಪದದೊಳಗಿರಲಿ. ಕತ್ತರಿಸುವುದಿದ್ದರೆ ಅಡಿಕೆ ದರದ ಎರಡು ಪುಟದಿಂದ ಶುರುಮಾಡಿ. ಪ್ರತಿ ಬಂದ ಕೂಡಲೇ ಓದುತ್ತೇವೆ.

– ಸಂಪಾದಕರು